ಮೊದಲ ರಿವಾಲ್ವರ್, ಮೊದಲ ಲೈಸೆನ್ಸ್: ಕಾಫಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ, ಸಕಲೇಶಪುರ, ಆಲೂರು, ಕೊಪ್ಪ ಕಡೆಯವರಿಗೆ ಕೋವಿ ಹೊಸದಲ್ಲ. ಅಜ್ಜನ ಕೋವಿ ನೋಡಿಕೊಂಡೇ ಬೆಳೆದವರು ನಮ್ಮಲ್ಲಿ ಎಷ್ಟೋ ಜನ. ಆದರೆ ಸೊಂಟದಲ್ಲಿಟ್ಟುಕೊಂಡು ಪೇಟೆಗೆ ಹೋಗುವ ರಿವಾಲ್ವರ್ ಬೇರೆಯದೇ ಜವಾಬ್ದಾರಿ. ಕೋವಿ ಮನೆಯಲ್ಲಿರುತ್ತದೆ. ಇದು ನೀವು ಹೋದಲ್ಲೆಲ್ಲ ಬರುತ್ತದೆ: ಬ್ಯಾಂಕಿಗೆ, ಹೋಟೆಲಿಗೆ, ನೆಂಟರ ಮನೆಗೆ, ಮಕ್ಕಳು ಆಡುವ ಕೋಣೆಗೆ. ಹೊಸಬರು ಮೊದಲು ಕೇಳುವುದು ಯಾವ ಮಾಡೆಲ್ ಅಂತ. ಅದಕ್ಕೂ ಇಲ್ಲಿ ಉತ್ತರ ಇದೆ. ಆದರೆ ಆ ಆಯುಧ ಹಗಲು ರಾತ್ರಿ ಎಲ್ಲಿರುತ್ತದೆ, ಯಾರ ಕೈಗೆ ಸಿಗುತ್ತದೆ ಅನ್ನುವುದೇ ನನಗೆ ಜಾಸ್ತಿ ಮುಖ್ಯ. ಹಾಗಾಗಿ ಅದರ ಮಾತೇ ಹೆಚ್ಚು ಬರುತ್ತದೆ.

ನನಗೆ ನಿಜವಾಗಿ ಹ್ಯಾಂಡ್‌ಗನ್ (ರಿವಾಲ್ವರ್ ಅಥವಾ ಪಿಸ್ತೂಲು) ಬೇಕಾ?

ಹೆಚ್ಚಿನವರಿಗೆ ಬೇಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಿಂದೆ ಬಟವಾಡೆ ದಿನ ಬ್ಯಾಂಕಿನಿಂದ ನೋಟಿನ ಕಟ್ಟು ತರಬೇಕಿತ್ತು. ಘಾಟಿ ರಸ್ತೆಯಲ್ಲಿ ಒಬ್ಬರೇ ಬರುವಾಗ ಹೆದರಿಕೆ ಆಗುತ್ತಿದ್ದದ್ದು ಸಹಜ. ಈಗ ಕೂಲಿಯ ದೊಡ್ಡ ಭಾಗ ಫೋನಿನಲ್ಲೇ ಹೋಗುವ ಹಾಗೆ ಮಾಡಿಕೊಳ್ಳಬಹುದು. ನಗದು ಕಡಿಮೆಯಾದರೆ ಅಪಾಯವೂ ಕಡಿಮೆ. ಬ್ಯಾಂಕಿಗೆ ಹೋಗುವ ದಿನ, ದಾರಿ ಬದಲಿಸಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಒಣಗಿಸುವ ಕಣದ ಹತ್ತಿರ ಬೆಳಕು, ಕ್ಯಾಮೆರಾ, ಒಳ್ಳೆ ನಾಯಿ ಇರಲಿ. ಗೋಡೌನಿಗೆ ಗಟ್ಟಿ ಬೀಗ ಹಾಕಿ. ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಮೇಲೆ ನಿಜವಾದ ಬೆದರಿಕೆ ಇದ್ದರೆ ಮುಂದಕ್ಕೆ ಓದಿ. ಬೆದರಿಕೆ ಇದ್ದಾಗ ಪೊಲೀಸ್ ಠಾಣೆಗೆ ದೂರು ಕೊಟ್ಟಿರಬೇಕು. ಆ ದೂರಿನ ಪ್ರತಿ ಮುಂದೆ ಲೈಸೆನ್ಸ್ ಅರ್ಜಿಗೂ ಬೇಕಾಗುತ್ತದೆ.

ಆನೆ, ಹಂದಿ ಕಾಟಕ್ಕೆ ರಿವಾಲ್ವರ್ ಆಗುತ್ತಾ?

ಆಗುವುದಿಲ್ಲ. .32 ಬೋರಿನ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ) ರಿವಾಲ್ವರಿನ ಗುಂಡು ಆನೆಯನ್ನು ತಡೆಯುವುದಿಲ್ಲ, ರೊಚ್ಚಿಗೆಬ್ಬಿಸುತ್ತದೆ ಅಷ್ಟೆ. ಅದೂ ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಗಂಭೀರ ಕೇಸಾಗುತ್ತದೆ. ತೋಟದಲ್ಲಿ ಆನೆ ಇದೆ ಅಂದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಕೆಲಸದವರನ್ನು ಆ ಬ್ಲಾಕಿನಿಂದ ಹೊರಗೆ ಕರೆಸಿ.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ. ಪಕ್ಕದ ಸಕಲೇಶಪುರದವರಿಗೆ ಯಾಕೆ ಬೇಕು?

ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಗಡಿ ದಾಟಿ ಈ ಕಡೆ ಬಂದರೆ ನಮಗೆ ಅದು ಸೇರುವುದಿಲ್ಲ. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲಾಗಬಹುದು. ಯಾರೋ ಪರಿಚಯದವರ ಹತ್ತಿರ ಕಡಿಮೆ ಬೆಲೆಗೆ ನಾಡ ಪಿಸ್ತೂಲು ಸಿಗುತ್ತದೆ ಅನ್ನುವ ಮಾತಿಗೆ ಕಿವಿಗೊಡಲೇಬೇಡಿ. ಅದು ಕಾನೂನಿಗೂ ವಿರುದ್ಧ, ಕೈಯಲ್ಲೇ ಸಿಡಿಯುವ ಅಪಾಯವೂ ಇದೆ.

ಲೈಸೆನ್ಸ್ ಯಾರು ಕೊಡುತ್ತಾರೆ? ಏನೇನು ಬೇಕು?

ಹಾಸನ, ಚಿಕ್ಕಮಗಳೂರು ಎರಡೂ ಕಡೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ವಯಸ್ಸು 21 ಆಗಿರಬೇಕು. ಅರ್ಜಿ ಫಾರಂ ಎ-1. ಜೊತೆಗೆ ಗುರುತು, ವಿಳಾಸದ ದಾಖಲೆ, ದೇಹ ಮತ್ತು ಮನಸ್ಸು ಎರಡೂ ಸರಿಯಾಗಿವೆ ಅನ್ನುವ ವೈದ್ಯರ ಪ್ರಮಾಣಪತ್ರ, ಆಯುಧವನ್ನು ಭದ್ರವಾಗಿ ಇಡುತ್ತೇನೆ ಅನ್ನುವ ಮುಚ್ಚಳಿಕೆ ಬೇಕು. ಆಮೇಲೆ ಪೊಲೀಸ್ ವರದಿ. ಲೈಸೆನ್ಸ್ ಸಿಕ್ಕರೆ ರಾಷ್ಟ್ರೀಯ ದತ್ತಾಂಶದಲ್ಲಿ ನಿಮಗೊಂದು ವಿಶಿಷ್ಟ ಸಂಖ್ಯೆ ಬರುತ್ತದೆ. ಅವಧಿ 5 ವರ್ಷ.

ಒಂದು ವ್ಯತ್ಯಾಸ ತಿಳಿದಿರಲಿ. 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ, ಒಳಗೆ ನುಣುಪಾದ ಕೋವಿಯನ್ನು ರಕ್ಷಣೆಗೆ ಕೇಳಿದರೆ, ಬೆಳೆ ಕಾಯಲು ಮದ್ದು ತುಂಬುವ ಕೋವಿ ಕೇಳಿದರೆ, ಕಾನೂನು ಸ್ವಲ್ಪ ಸುಲಭವಾಗಿ ನೋಡುತ್ತದೆ. ರಿವಾಲ್ವರ್, ಪಿಸ್ತೂಲಿಗೆ ಹಾಗಲ್ಲ. ಯಾಕೆ ಬೇಕು ಅನ್ನುವುದಕ್ಕೆ ಗಟ್ಟಿ ಕಾರಣ ತೋರಿಸಬೇಕು. ‘ತೋಟ ಇದೆ’ ಅನ್ನುವುದೊಂದೇ ಸಾಲದು. ಅರ್ಜಿ ತಿರಸ್ಕಾರವಾದರೆ ಸೆಕ್ಷನ್ 18ರ ಕೆಳಗೆ ಮೇಲ್ಮನವಿ ಹಾಕಬಹುದು. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ.

ಕೋವಿ ಲೈಸೆನ್ಸ್ ಈಗಾಗಲೇ ಇದೆ. ಅದರಲ್ಲೇ ರಿವಾಲ್ವರ್ ಕೊಳ್ಳಬಹುದಾ?

ಸೀದಾ ಅಂಗಡಿಗೆ ಹೋಗಿ ಕೊಳ್ಳುವ ಹಾಗಿಲ್ಲ. ಆ ಬಗೆಯ ಆಯುಧಕ್ಕೆ ಬೇರೆ ಅನುಮತಿ ಆಗಬೇಕು. 2019ರ ತಿದ್ದುಪಡಿಯ ನಂತರ ಸಾಮಾನ್ಯರು ಒಟ್ಟು ಇಟ್ಟುಕೊಳ್ಳಬಹುದಾದದ್ದು 2 ಬಂದೂಕು ಮಾತ್ರ. ಮೊದಲು 3 ಇತ್ತು. ಮನೆಯಲ್ಲಿ ಆಗಲೇ ನಿಮ್ಮ ಹೆಸರಲ್ಲಿ ಎರಡು ಕೋವಿ ಇದ್ದರೆ ಒಂದನ್ನು ಬಿಡಬೇಕಾಗುತ್ತದೆ.

ಯಾವ ಬೋರ್? 9 ಎಂ.ಎಂ. ಸಿಗುತ್ತಾ?

9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್. ಸಾಮಾನ್ಯರಿಗೆ ಸಿಗುವುದಿಲ್ಲ. ಅಮೆರಿಕದವರು ಮಾಡುವ ವಿಡಿಯೋ ನೋಡಿ ಆಸೆ ಪಟ್ಟುಕೊಳ್ಳಬೇಡಿ. ಅಲ್ಲಿನ ಕಾನೂನೂ ಬೇರೆ, ಅಂಗಡಿಯೂ ಬೇರೆ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು .32.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ. ರಿವಾಲ್ವರಿಗೆ ಬರುವುದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಪಿಸ್ತೂಲಿಗೆ .32 ಎ.ಸಿ.ಪಿ. ಒಂದರ ತೋಟಾ (ಕಾರ್ಟ್ರಿಜ್, ಅಂದರೆ ತುಂಬುವ ಗುಂಡು) ಇನ್ನೊಂದಕ್ಕೆ ಹಾಕಬಾರದು. ಅಂಗಡಿಯವರಿಗೆ ಬರೀ ‘ಪಾಯಿಂಟ್ ತರ್ಟಿಟೂ’ ಅನ್ನದೆ ಪೂರ್ತಿ ಹೆಸರು ಹೇಳಿ. ಡಬ್ಬಿಯ ಮೇಲಿನ ಹೆಸರನ್ನೂ ಆಯುಧದ ಮೇಲೆ ಕೊರೆದ ಹೆಸರನ್ನೂ ಹೋಲಿಸಿ ನೋಡಿ.

ರಿವಾಲ್ವರೋ, ಪಿಸ್ತೂಲೋ?

ಮೊದಲ ಆಯುಧ ಅಂದರೆ ನಾನು ರಿವಾಲ್ವರ್ ಅನ್ನುತ್ತೇನೆ. ಕಾರಣ ಹೇಳುತ್ತೇನೆ.

ರಿವಾಲ್ವರಿನಲ್ಲಿ ಗುಂಡು ಇದೆಯಾ ಇಲ್ಲವಾ ಅನ್ನುವುದು ತೆರೆದರೆ ಕಣ್ಣಿಗೆ ಕಾಣುತ್ತದೆ. ಗುಂಡು ಕೂರುವ ಆರು ಗೂಡು, ಆರೂ ಖಾಲಿ, ಮುಗಿಯಿತು. ಪಿಸ್ತೂಲಿನಲ್ಲಿ ಹಾಗಲ್ಲ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದ ಮೇಲೂ ಚೇಂಬರಿನಲ್ಲಿ (ಗುಂಡು ಹಾರುವ ಗೂಡಿನಲ್ಲಿ) ಒಂದು ಗುಂಡು ಉಳಿದಿರಬಹುದು. ‘ಮ್ಯಾಗಜಿನ್ ತೆಗೆದಿದ್ದೆ, ಖಾಲಿ ಅಂದ್ಕೊಂಡಿದ್ದೆ’ ಅನ್ನುವ ಮಾತು ಎಷ್ಟೋ ದುರಂತಗಳ ನಂತರ ಕೇಳಿ ಬರುತ್ತದೆ.

ಇನ್ನೊಂದು ಟ್ರಿಗರ್. ಡಬಲ್ ಆಕ್ಷನ್ ರಿವಾಲ್ವರಿನಲ್ಲಿ, ಅಂದರೆ ಟ್ರಿಗರ್ ಎಳೆದರೆ ಹ್ಯಾಮರ್ (ತೋಟಾಕ್ಕೆ ಬಡಿಯುವ ಭಾಗ) ತಾನೇ ಹಿಂದೆ ಹೋಗಿ ಬಡಿಯುವಂಥದ್ದರಲ್ಲಿ, ಟ್ರಿಗರನ್ನು ಉದ್ದಕ್ಕೆ, ಬಲವಾಗಿ ಎಳೆಯಬೇಕು. ಗಾಬರಿಯಲ್ಲಿ ಬೆರಳು ತಾಗಿದರೆ ಸುಮ್ನೆ ಹಾರುವುದಿಲ್ಲ. ಹ್ಯಾಮರ್ ಹಿಂದಕ್ಕೆ ಎಳೆದಿಟ್ಟರೆ ಮಾತ್ರ ಬಹಳ ಹಗುರಾಗುತ್ತದೆ, ಆಗ ಸ್ವಲ್ಪ ತಾಗಿದರೂ ಸಾಕು. ಆದ್ದರಿಂದ ಹ್ಯಾಮರ್ ಎಳೆದ ಸ್ಥಿತಿಯಲ್ಲಿ ಆಯುಧ ಹೊತ್ತು ತಿರುಗಬೇಡಿ. ಗುಂಡು ಹಾರದೆ ಹೋದರೆ ರಿವಾಲ್ವರಿನಲ್ಲಿ ಮತ್ತೆ ಟ್ರಿಗರ್ ಎಳೆದರೆ ಮುಂದಿನ ಗೂಡು ಬರುತ್ತದೆ. ಪಿಸ್ತೂಲು ಸಿಕ್ಕಿಹಾಕಿಕೊಂಡರೆ ಬಿಡಿಸಲು ಅಭ್ಯಾಸ ಬೇಕು.

ಪಿಸ್ತೂಲು ಚಪ್ಪಟೆಯಾಗಿರುತ್ತದೆ, ಅಂಗಿ ಕೆಳಗೆ ಚೆನ್ನಾಗಿ ಅಡಗುತ್ತದೆ. ನಿಯಮಿತವಾಗಿ ರೇಂಜಿಗೆ (ಗುಂಡು ಹೊಡೆದು ಕಲಿಯುವ ಜಾಗಕ್ಕೆ) ಹೋಗಿ ಅಭ್ಯಾಸ ಮಾಡುವವರಿಗೆ ಅದು ಒಳ್ಳೆಯ ಆಯ್ಕೆಯೇ. ವರ್ಷಕ್ಕೊಮ್ಮೆಯೂ ರೇಂಜ್ ನೋಡದವರಿಗೆ ಬೇಡ.

ಯಾವ ಮಾಡೆಲ್ ನೋಡಬಹುದು?

ಕಾನ್ಪುರದಲ್ಲಿ ತಯಾರಾಗುವ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್‌ಗಳೇ ಹೆಚ್ಚು ಬಳಕೆಯಲ್ಲಿವೆ. ಈ ಸರ್ಕಾರಿ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ 2021ರ ಅಕ್ಟೋಬರ್‌ನಲ್ಲಿ ಏಳು ಕಂಪನಿಗಳಾಗಿ ಒಡೆಯಿತು. ಈಗ ಈ ಆಯುಧಗಳು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಹೆಸರಲ್ಲಿ ಬರುತ್ತವೆ. 2014ರಲ್ಲಿ ಬಂದ ನಿರ್ಭೀಕ್ ಸುಮಾರು ಅರ್ಧ ಕೆ.ಜಿ. ತೂಗುತ್ತದೆ. ಮಹಿಳೆಯರಿಗೆಂದು ಪ್ರಚಾರ ಮಾಡಿದ್ದರು. ಆಗ ಅದರ ಬೆಲೆ 1,22,000 ರೂಪಾಯಿ ದಾಟಿತ್ತು. 2023ರಲ್ಲಿ ಬಂದ ಪ್ರಬಲ್ ಸುಮಾರು 700 ಗ್ರಾಂ. ಅದರ ಸಿಲಿಂಡರ್ (ಗೂಡುಗಳಿರುವ ತಿರುಗುವ ಉರುಳೆ) ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಹಳೆಯವು ನಡುವೆ ಮುರಿದು ತೆರೆಯುವಂಥವು. ಪಿಸ್ತೂಲಿನಲ್ಲಿ ಅಶನಿ ಇದೆ. .22 ಬೋರಿನ ನಿಡರ್ ರಿವಾಲ್ವರ್ ಇನ್ನೂ ಹಗುರ. ಖಾಸಗಿಯಾಗಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಕೂಡ ಉತ್ತರ ಪ್ರದೇಶದಲ್ಲಿ ತಯಾರಾಗುತ್ತಿದೆ.

ಹೆಸರಿಗಿಂತ ಕೈ ಮುಖ್ಯ. ಅಂಗಡಿಯಲ್ಲಿ ಖಾಲಿ ಆಯುಧ ಹಿಡಿದು ನೋಡಿ. ಹಿಡಿ ಅಂಗೈಗೆ ಕೂರಬೇಕು. ಒಂದೇ ಕೈಯ ತೋರು ಬೆರಳಿನಲ್ಲಿ ಟ್ರಿಗರ್ ಕೊನೆಯವರೆಗೆ ಎಳೆಯಲು ಬರಬೇಕು, ಎಳೆಯುವಾಗ ಮೂತಿ ಅಲ್ಲಾಡಬಾರದು. ಸಿಲಿಂಡರ್ ತೆರೆಯಲು ಬರಬೇಕು. ಗುರಿ ಹಿಡಿಯುವ ಸೈಟ್ ಕಣ್ಣಿಗೆ ಕಾಣಬೇಕು. ತೂಕ ತೀರಾ ಕಡಿಮೆಯಾದಷ್ಟೂ ಹೊಡೆದಾಗ ಕೈ ಜಾಸ್ತಿ ಕುಪ್ಪಳಿಸುತ್ತದೆ ಅನ್ನುವುದನ್ನೂ ನೆನಪಿಡಿ.

ಅಪ್ಪನ ಹಳೆಯ ರಿವಾಲ್ವರ್ ಇದೆ. ಅದನ್ನೇ ಬಳಸಬಹುದಾ?

ಲೈಸೆನ್ಸ್ ನಿಮ್ಮ ಹೆಸರಿಗೆ ಆಗುವವರೆಗೆ ಮುಟ್ಟಬೇಡಿ. ತಂದೆ ತೀರಿಹೋಗಿದ್ದರೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಜಮೆ ಮಾಡಿ, ವಾರಸುದಾರರಾಗಿ ಅರ್ಜಿ ಹಾಕಿ. ತಂದೆ ಇದ್ದಾರೆ, ಅವರಿಗೆ 70 ತುಂಬಿದೆ, ಅಥವಾ ಆ ಆಯುಧ 25 ವರ್ಷದಿಂದ ಅವರ ಹತ್ತಿರ ಇದೆ ಅಂದರೆ ಅವರು ಇರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ನಿಯಮದಲ್ಲಿ ಅವಕಾಶ ಇದೆ. ಇದು ಬಹಳ ಮನೆಗಳಿಗೆ ಗೊತ್ತಿಲ್ಲ.

ಹಳೆಯ ಆಯುಧವನ್ನು ತಿಳಿದವರಿಗೆ ತೋರಿಸದೆ ಗುಂಡು ತುಂಬಬೇಡಿ. ಕೆಲವು ಹಳೆಯ ರಿವಾಲ್ವರ್‌ಗಳಲ್ಲಿ ಹ್ಯಾಮರಿಗೆ ತಡೆ ಇರುವುದಿಲ್ಲ, ಕೆಳಗೆ ಬಿದ್ದರೆ ಹಾರಬಹುದು. ಅಂಥದ್ದರಲ್ಲಿ ಹ್ಯಾಮರಿನ ಕೆಳಗಿನ ಗೂಡು ಖಾಲಿ ಬಿಡುವುದು ಹಿಂದಿನಿಂದ ಬಂದ ರೂಢಿ.

ಮೈಮೇಲೆ ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕು?

ಹೋಲ್ಸ್ಟರ್ (ಆಯುಧ ಇಡುವ ಒರೆ) ಇಲ್ಲದೆ ಎಲ್ಲಿಯೂ ಬೇಡ. ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಸಿನಿಮಾದಲ್ಲಿ ಚೆಂದ. ನಿಜದಲ್ಲಿ ಜಾರುತ್ತದೆ, ಹಿಡಿಯಲು ಹೋದ ಕೈ ಟ್ರಿಗರಿಗೆ ಬೀಳುತ್ತದೆ.

ಒಳ್ಳೆಯ ಹೋಲ್ಸ್ಟರಿಗೆ ನಾಲ್ಕು ಗುಣ ಇರಬೇಕು. ಟ್ರಿಗರನ್ನು ಪೂರ್ತಿ ಮುಚ್ಚಬೇಕು. ನಿಮ್ಮ ಮಾಡೆಲ್ಲಿಗೇ ಮಾಡಿದ್ದಾಗಿರಬೇಕು. ಆಯುಧ ತೆಗೆದ ಮೇಲೂ ಬಾಯಿ ಮುದುಡಿಕೊಳ್ಳದೆ ತೆರೆದಿರಬೇಕು. ಬಗ್ಗಿದರೂ ಓಡಿದರೂ ಬೀಳದ ಹಾಗೆ ಪಟ್ಟಿ ಅಥವಾ ಬಿಗಿ ಇರಬೇಕು. ನಮ್ಮ ಇಳಿಜಾರಿನ ತೋಟದಲ್ಲಿ, ಮಳೆಯಲ್ಲಿ, ಕಾಲು ಜಾರುವುದು ದಿನನಿತ್ಯದ ಸಂಗತಿ ಅಲ್ವಾ, ಹಾಗಾಗಿ ಈ ಪಟ್ಟಿಯ ವಿಷಯದಲ್ಲಿ ರಾಜಿ ಬೇಡ. ಇದಕ್ಕೆ ಎರಡು ಪದರದ ಗಟ್ಟಿ ಬೆಲ್ಟ್ ಬೇಕು. ಪಂಚೆ, ಲುಂಗಿ ಉಟ್ಟಾಗ ಆಯುಧ ಬೇಡ. ಅದನ್ನು ಹಿಡಿದು ನಿಲ್ಲಿಸುವ ಆಧಾರವೇ ಅಲ್ಲಿಲ್ಲ.

ಜಾಗ ಅಂದರೆ, ಬಲಗೈಯವರಿಗೆ ಬಲ ಸೊಂಟದ ಮೂಳೆಯ ಸ್ವಲ್ಪ ಹಿಂದೆ. ಅಂಗಿ ಅಥವಾ ಜಾರ್ಕಿನ್ ಮೇಲಿಂದ ಮುಚ್ಚುತ್ತದೆ. ಬೆನ್ನಿನ ನಡುವೆ ಇಡಬೇಡಿ, ಹಿಂದಕ್ಕೆ ಬಿದ್ದರೆ ಬೆನ್ನುಮೂಳೆಗೆ ಪೆಟ್ಟು. ಹೊಟ್ಟೆಯ ಮುಂದೆ ಇಡುವುದು ಕಲಿಯುವವರಿಗೆ ಸಲ್ಲದು, ಮೂತಿ ನಿಮ್ಮ ತೊಡೆಯ ಕಡೆಗೇ ಇರುತ್ತದೆ. ಜೇಬಿನಲ್ಲಿ ಇಡುವುದಾದರೆ ಜೇಬಿನ ಹೋಲ್ಸ್ಟರಿನಲ್ಲಿ ಇಡಿ, ಆ ಜೇಬಿನಲ್ಲಿ ಕೀಲಿ, ಚಿಲ್ಲರೆ ಏನೂ ಇರಬಾರದು.

ಕೆಲವು ಸಣ್ಣ ವಿಷಯಗಳೇ ಜೀವ ಉಳಿಸುತ್ತವೆ. ಆಯುಧವನ್ನು ಹೋಲ್ಸ್ಟರಿಗೆ ವಾಪಸ್ ಹಾಕುವಾಗ ನಿಧಾನವಾಗಿ, ನೋಡಿಕೊಂಡು ಹಾಕಿ. ಅಂಗಿಯ ತುದಿ, ಜಾರ್ಕಿನ್ ದಾರ ಟ್ರಿಗರಿಗೆ ಸಿಕ್ಕಿದರೆ ಗುಂಡು ಹಾರಬಹುದು. ಕೈಯಿಂದ ಆಯುಧ ಜಾರಿದರೆ ಗಾಳಿಯಲ್ಲಿ ಹಿಡಿಯಲು ಹೋಗಬೇಡಿ. ಬೀಳಲಿ ಬಿಡಿ, ಆಮೇಲೆ ಎತ್ತಿಕೊಳ್ಳಿ. ಶೌಚಾಲಯಕ್ಕೆ ಹೋದಾಗ ಅದನ್ನು ತೆಗೆದು ಕಿಟಕಿ ಮೇಲೆ ಇಡಬೇಡಿ. ಎಷ್ಟೋ ಜನ ಹೋಟೆಲಿನಲ್ಲಿ ಮರೆತು ಬಂದಿದ್ದಾರೆ. ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಸಂತೆಗೆ ಇಳಿಯುವುದಂತೂ ಬೇಡವೇ ಬೇಡ. ದಿನವಿಡೀ ಮೈಮೇಲೆ ಹೊರಲು ಆಗದು ಅನ್ನಿಸಿದ ದಿನ ಮನೆಯಲ್ಲೇ ಬೀಗ ಹಾಕಿ ಹೋಗಿ.

ನಾಲ್ಕು ಜನಕ್ಕೆ ಕಾಣುವ ಹಾಗೆ ಇಟ್ಟುಕೊಂಡರೆ ಹೆದರುತ್ತಾರೆ ಅಲ್ವಾ?

ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಹ್ಯಾಂಡ್‌ಗನ್ ಹೋಲ್ಸ್ಟರ್ ಅಥವಾ ಅಂಥ ಚೀಲದಲ್ಲಿ, ಪೂರ್ತಿ ಮುಚ್ಚಿಕೊಂಡು, ನಿಮ್ಮ ಹತೋಟಿಯಲ್ಲೇ ಇರಬೇಕು ಅನ್ನುತ್ತವೆ 2016ರ ನಿಯಮಗಳು. ತೆಗೆದು ತೋರಿಸಿದರೆ ಲೈಸೆನ್ಸ್ ರದ್ದಾಗಬಹುದು. ಮದುವೆ, ಹಬ್ಬದಲ್ಲಿ ಗಾಳಿಗೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೇಲಕ್ಕೆ ಹೋದ ಗುಂಡು ಯಾರದೋ ತಲೆ ಮೇಲೆ ಇಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ಮಾತು. ಊರಿಗೆಲ್ಲ ‘ಅವರ ಹತ್ತಿರ ರಿವಾಲ್ವರ್ ಇದೆ’ ಅಂತ ಗೊತ್ತಾದರೆ ಕಳ್ಳರಿಗೆ ಅದೇ ಒಂದು ಕಾರಣ.

ಖಾಲಿ ಮಾಡುವ ಕ್ರಮ ಯಾವುದು?

ಮೂತಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರಿನ ಹೊರಗೆ. ಇವೆರಡು ಮೊದಲಿಂದ ಕೊನೆಯವರೆಗೆ ಬದಲಾಗಬಾರದು. ರಿವಾಲ್ವರ್ ತೆರೆದು ಎಲ್ಲ ತೋಟಾ ಹೊರಗೆ ತಳ್ಳಿ. ಗೂಡುಗಳನ್ನು ಕಣ್ಣಿನಿಂದ ಎಣಿಸಿ, ಬೆರಳಿನಿಂದ ಮುಟ್ಟಿ ನೋಡಿ. ಪಿಸ್ತೂಲಿನಲ್ಲಿ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆಯಬೇಕು. ಕ್ರಮ ಹಿಂದುಮುಂದಾದರೆ ಸ್ಲೈಡ್ ಬಿಟ್ಟ ಕೂಡಲೇ ಹೊಸ ಗುಂಡು ಚೇಂಬರಿಗೆ ಏರುತ್ತದೆ. ಸ್ಲೈಡ್ ಹಿಂದೆ ನಿಲ್ಲಿಸಿ ಚೇಂಬರಿಗೆ ಬೆರಳು ಹಾಕಿ ನೋಡಿ.

ಯಾರಾದರೂ ನಿಮ್ಮ ಕೈಗೆ ಆಯುಧ ಕೊಟ್ಟು ‘ಖಾಲಿ ಇದೆ’ ಅಂದರೂ ನೀವೇ ಮತ್ತೆ ನೋಡಬೇಕು. ಅವರ ಮೇಲೆ ಅಪನಂಬಿಕೆ ಅಂತ ಯಾರೂ ತಿಳಿಯುವುದಿಲ್ಲ. ತಿಳಿದವರು ಮೆಚ್ಚುತ್ತಾರೆ.

ಮನೆಯಲ್ಲಿ ಎಲ್ಲಿ ಇಡಬೇಕು?

ಮೈಮೇಲೆ ಇಲ್ಲದಾಗ ಬೀಗದೊಳಗೆ. ದಿಂಬಿನ ಕೆಳಗೆ, ಬೀರುವಿನ ಸೀರೆಗಳ ನಡುವೆ, ದೇವರ ಕೋಣೆಯ ಮೇಲಿನ ಅಟ್ಟದಲ್ಲಿ ಬೇಡ. ಮಕ್ಕಳಿಗೆ ಮನೆಯ ಎಲ್ಲ ಜಾಗವೂ ಗೊತ್ತಿರುತ್ತದೆ. ಗೋಡೆಗೆ ಅಥವಾ ನೆಲಕ್ಕೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ ಇರಲಿ. ಆಯುಧ ಖಾಲಿ ಮಾಡಿ ಒಂದು ಬೀಗದಲ್ಲಿ, ತೋಟಾ ಬೇರೆ ಬೀಗದಲ್ಲಿ. ಕೀಲಿ ನಿಮ್ಮ ಹತ್ತಿರ ಮಾತ್ರ. ಮಕ್ಕಳಿಗೆ ಒಂದು ಮಾತು ಕಲಿಸಿ: ಎಲ್ಲಾದರೂ ಆಯುಧ ಕಂಡರೆ ಮುಟ್ಟಬೇಡ, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು.

ಹೇಳಲೇಬೇಕಾದ್ದು ಇನ್ನೊಂದಿದೆ. ಮನೆಯಲ್ಲಿ ಯಾರಾದರೂ ತೀರಾ ಕುಗ್ಗಿದ್ದರೆ, ಸಾಲದ ಚಿಂತೆಯಲ್ಲಿದ್ದರೆ, ಕುಡಿತ ಜಾಸ್ತಿಯಾಗಿದ್ದರೆ, ಜಗಳ ಹೊಡೆದಾಟ ನಡೆಯುತ್ತಿದ್ದರೆ, ಆಯುಧ ಆ ಮನೆಯಲ್ಲಿ ಇರಬಾರದು. ಡೀಲರ್ ಹತ್ತಿರವೋ ಠಾಣೆಯಲ್ಲೋ ಜಮೆ ಮಾಡಿ ರಸೀದಿ ತನ್ನಿ. ಸಂಕಟದ ಒಂದು ಗಳಿಗೆ ದಾಟಿದರೆ ಮನುಷ್ಯ ಉಳಿಯುತ್ತಾನೆ. ಆ ಗಳಿಗೆಯಲ್ಲಿ ಕೈಗೆ ಆಯುಧ ಸಿಗಬಾರದು. ನೀವೇ ಹಾಗೆ ಕುಗ್ಗಿದ್ದರೂ ಇದೇ ಮಾತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೇಡ.

ಮಳೆಗಾಲದಲ್ಲಿ ತುಕ್ಕು ಹಿಡಿಯದ ಹಾಗೆ ಏನು ಮಾಡಬೇಕು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಚರ್ಮದ ಹೋಲ್ಸ್ಟರ್ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದರೊಳಗೆ ಆಯುಧ ಬಿಟ್ಟರೆ ತುಕ್ಕು, ತೋಟಾ ಬಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು. ಮನೆಗೆ ಬಂದ ಕೂಡಲೇ ಹೊರಗೆ ತೆಗೆದು, ಖಾಲಿ ಮಾಡಿ, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಗನ್ ಎಣ್ಣೆ ಸವರಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಡಿ, ಆಗಾಗ ಬದಲಿಸಿ. ತೋಟಾಕ್ಕೆ ಎಣ್ಣೆ ತಾಗಿಸಬೇಡಿ, ಒಳಗಿನ ಮದ್ದು ಹಾಳಾಗಬಹುದು. ಕಿಲುಬು ಹಿಡಿದ ತೋಟಾ ಬಳಸಬೇಡಿ, ಮನೆಯಲ್ಲಿ ಬಿಚ್ಚಲೂಬೇಡಿ. ಡೀಲರಿಗೆ ವಾಪಸ್ ಕೊಡಿ.

ಎಲ್ಲೆಲ್ಲಿಗೆ ಒಯ್ಯಬಾರದು?

ಮೊದಲು ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿ ನೋಡಿ. ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ ವಯನಾಡಿಗೆ ಒಯ್ಯುವಂತಿಲ್ಲ. ಕೋರ್ಟು, ಶಾಲೆ, ಸಭೆ, ಮೆರವಣಿಗೆ ಬೇಡ. ಕುಡಿಯುವ ಜಾಗಕ್ಕೆ ಬೇಡ. ಒಂದು ಪೆಗ್ ಕುಡಿಯುವ ಯೋಚನೆ ಇದ್ದರೂ ಮನೆಯಲ್ಲೇ ಬಿಟ್ಟು ಹೋಗಿ.

ನಮ್ಮ ಕಡೆಯವರು ಮರೆಯುವುದು ಅಭಯಾರಣ್ಯವನ್ನು. ಭದ್ರಾ, ಕುದುರೆಮುಖದಂಥ ಕಡೆ ಲೈಸೆನ್ಸ್ ಇದ್ದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಒಳಗೆ ಹೋಗುವ ಹಾಗಿಲ್ಲ. ಭದ್ರಾ ಅಭಯಾರಣ್ಯದ ಮುತ್ತೋಡಿಗೆ ಸುತ್ತಾಡಲು ಹೋಗುವಾಗ ಇದು ನೆನಪಿರಲಿ.

ಚುನಾವಣೆ ಬಂದಾಗ ಜಿಲ್ಲಾಡಳಿತ ಆಯುಧ ಜಮೆ ಮಾಡಲು ಹೇಳುತ್ತದೆ. ಹೇಳಿದ ದಿನದೊಳಗೆ ಜಮೆ ಮಾಡಿ, ರಸೀದಿ ಜೋಪಾನ ಮಾಡಿ. ನಿಜವಾದ ಬೆದರಿಕೆ ಇರುವವರು ವಿನಾಯಿತಿಗೆ ಅರ್ಜಿ ಕೊಡಬಹುದು.

ರಾತ್ರಿ ಮೆಣಸು ಕದಿಯುವವನು ಸಿಕ್ಕಿದರೆ ಹೊಡೆಯಬಹುದಾ?

ಬೇಡ. ಓಡುತ್ತಿರುವ ಕಳ್ಳನಿಗೆ ಹೊಡೆದರೆ ನೀವೇ ಕೊಲೆ ಕೇಸಿನ ಆರೋಪಿ ಆಗಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಹೇಳುತ್ತವೆ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಆ ಹಕ್ಕು ಇಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಜೀವ ಹೋಗುತ್ತದೆ ಅಥವಾ ಗಂಭೀರ ಗಾಯ ಆಗುತ್ತದೆ ಅನ್ನುವ ನಿಜವಾದ ಭಯ, ದರೋಡೆ, ರಾತ್ರಿ ಮನೆಗೆ ಕನ್ನ ಹಾಕುವುದು, ವಾಸದ ಮನೆಗೆ ಬೆಂಕಿ ಇಡುವುದು, ಇಂಥ ಗಂಭೀರ ಸಂದರ್ಭಗಳಲ್ಲಿ ಮಾತ್ರ ಪ್ರಾಣ ತೆಗೆಯುವವರೆಗೆ ಆ ಹಕ್ಕು ಹೋಗುತ್ತದೆ. ಅದನ್ನೂ ನೀವು ಕೋರ್ಟಿನಲ್ಲಿ ತೋರಿಸಿಕೊಡಬೇಕು. ತೋಟದಲ್ಲಿ ಮೆಣಸು ಕೊಯ್ಯುತ್ತಿರುವವನು ಈ ಯಾವುದಕ್ಕೂ ಸೇರುವುದಿಲ್ಲ. ಮನೆ ಬಾಗಿಲು ಹಾಕಿಕೊಂಡು 112ಕ್ಕೆ ಫೋನ್ ಮಾಡಿ.

ಕತ್ತಲಲ್ಲಿ ಕಂಡದ್ದು ಕಳ್ಳನೇ ಅಂತ ಹೇಗೆ ಗೊತ್ತು? ಪಂಪ್ ನೋಡಲು ಬಂದ ರೈಟರ್ (ತೋಟದ ಗುಮಾಸ್ತ) ಇರಬಹುದು, ಲೈನ್ ಮನೆಯ (ಕೆಲಸದವರ ಸಾಲು ಮನೆಯ) ಹುಡುಗ ಇರಬಹುದು. ಗುರಿ ಯಾವುದು, ಅದರ ಹಿಂದೆ ಯಾರಿದ್ದಾರೆ ಅಂತ ತಿಳಿಯದೆ ಬೆರಳು ಟ್ರಿಗರಿಗೆ ಹೋಗಬಾರದು.

ನಾನಿಲ್ಲದಾಗ ಹೆಂಡತಿ, ರೈಟರ್, ಡ್ರೈವರ್ ಬಳಸಬಹುದಾ?

ಇಲ್ಲ. ಲೈಸೆನ್ಸ್ ಮನುಷ್ಯನಿಗೆ, ಮನೆಗಲ್ಲ. ರಿಪೇರಿಗೋ ನವೀಕರಣಕ್ಕೋ ನಿಮ್ಮ ಲಿಖಿತ ಅನುಮತಿಯೊಂದಿಗೆ ಬೇರೆಯವರು ಒಯ್ಯಲು ಕಾನೂನಿನಲ್ಲಿ ಅವಕಾಶ ಇದೆ. ನನ್ನನ್ನು ಕೇಳಿದರೆ ಅದಕ್ಕೂ ನೀವೇ ಹೋಗಿ.

ಕಳೆದುಹೋದರೆ?

ಅದೇ ಗಳಿಗೆ ಹತ್ತಿರದ ಠಾಣೆಗೆ ತಿಳಿಸಿ. ಹುಡುಕಿ ನೋಡೋಣ ಅಂತ ಒಂದು ರಾತ್ರಿಯೂ ಕಾಯಬೇಡಿ. ಆಯುಧದ ನಂಬರ್, ಲೈಸೆನ್ಸ್ ಪ್ರತಿ ಬೇರೆ ಜಾಗದಲ್ಲಿ ಬರೆದಿಟ್ಟಿರಿ.

ಅಭ್ಯಾಸ ತೋಟದಲ್ಲೇ ಮಾಡಬಹುದಾ?

ಮಾಡಬೇಡಿ. ಸಣ್ಣ ರಿವಾಲ್ವರಿನ ಗುಂಡೂ ನೂರಾರು ಮೀಟರ್ ಹೋಗುತ್ತದೆ. ಕಲ್ಲಿಗೆ ತಾಗಿದರೆ ಎಲ್ಲಿಗೆ ತಿರುಗುತ್ತದೋ ಹೇಳಲಾಗದು. ಸಿಲ್ವರ್ ಮರಗಳ ಆಚೆ ಯಾರು ಮೆಣಸು ಕೊಯ್ಯುತ್ತಿದ್ದಾರೆ ಅನ್ನುವುದು ನಿಮಗೆ ಕಾಣುವುದಿಲ್ಲ.

ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಮುಂದಿನದು ಯಾವಾಗ ಅಂತ ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಹಾಕುವ ಮೊದಲೇ ಸೇರಿದರೆ ಇನ್ನೂ ಒಳ್ಳೆಯದು, ಆಯುಧ ನಿಮಗೆ ಒಗ್ಗುತ್ತದಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ರೇಂಜಿನಲ್ಲಿ ಕಿವಿಗೆ, ಕಣ್ಣಿಗೆ ರಕ್ಷಣೆ ಹಾಕಿಕೊಳ್ಳಿ.

ಮನೆಯಲ್ಲಿ ಗುಂಡಿಲ್ಲದೆ ಟ್ರಿಗರ್ ಎಳೆದು ಕಲಿಯಬಹುದು. ಅದಕ್ಕೆ ಸ್ನಾಪ್ ಕ್ಯಾಪ್ ಅನ್ನುವ ಹುಸಿ ತೋಟಾ ಸಿಗುತ್ತದೆ. ಆ ಕೋಣೆಯೊಳಗೆ ನಿಜವಾದ ಒಂದು ತೋಟಾ ಕೂಡ ಇರಬಾರದು. ಎರಡು ಸಲ ಪರೀಕ್ಷಿಸಿ, ಇಟ್ಟಿಗೆ ಅಥವಾ ಕಲ್ಲಿನ ಗಟ್ಟಿ ಗೋಡೆಯ ಕಡೆಗೆ ಗುರಿ ಇಡಿ. ಅಭ್ಯಾಸ ಮುಗಿಯಿತು ಅಂದ ಮೇಲೆ ‘ಇನ್ನೊಂದು ಸಲ’ ಅಂತ ಮತ್ತೆ ಎಳೆಯಬೇಡಿ. ತೋಟಾ ವಾಪಸ್ ತುಂಬಿದ ಮೇಲೆ ಮರೆತು ಎಳೆಯುವುದು ಅಲ್ಲೇ.

ನವೀಕರಣ ಯಾವಾಗ?

ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಅರ್ಜಿ ಹಾಕಿ. ಅವಧಿ ಮುಗಿದ ಲೈಸೆನ್ಸ್ ಇಟ್ಟುಕೊಂಡು ಆಯುಧ ಹೊತ್ತರೆ ಲೈಸೆನ್ಸ್ ಇಲ್ಲದವರ ಸಾಲಿಗೇ ಸೇರುತ್ತೀರಿ. ನವೀಕರಣದ ಹೊತ್ತಿಗೆ ಮೊದಲ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿಕೊಳ್ಳಿ. ಬೆದರಿಕೆ ಹೋಗಿದೆ, ಐದು ವರ್ಷದಲ್ಲಿ ಪೆಟ್ಟಿಗೆಯಿಂದ ಹೊರಗೆ ಬಂದದ್ದೇ ಇಲ್ಲ ಅಂದರೆ, ಡೀಲರಿಗೆ ಮಾರಿ ಲೈಸೆನ್ಸ್ ಒಪ್ಪಿಸಿಬಿಡಬಹುದು. ಅದಕ್ಕೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.